ಕಾರವಾರ: ಜಪ್ತಿಯಾದ ಡಬ್ಬಿ ಆಹಾರ ಅಂಗಡಿಯವರ ವಶದಲ್ಲೇ ಇದೆ, ಮುಂದೇನು?

ಕೋಡಿಬಾಗ_ಸಗಟು ಕೇಳಿದ್ದು:

ಕಾರವಾರದ ಒಂದು ಸಗಟು ಕಿರಾಣಿ ಅಂಗಡಿಯ ಪರವಾಗಿ ಕೇಳುತ್ತಿದ್ದೇನೆ. ಆಹಾರ ಸುರಕ್ಷತಾಧಿಕಾರಿ ಗೋದಾಮು ತಪಾಸಣೆ ಮಾಡಿ ಎರಡು ಮಾಲು ಜಪ್ತಿ ಮಾಡಿದ್ದಾರೆ. ಎಣ್ಣೆಯಲ್ಲಿಟ್ಟ ಟ್ಯೂನಾ ಮೀನು, 185 ಗ್ರಾಂ ಡಬ್ಬಿ, 11 ರಟ್ಟಿನ ಪೆಟ್ಟಿಗೆ. ಅನಾನಸ್ ಹೋಳು, 840 ಗ್ರಾಂ ಡಬ್ಬಿ, 6 ಪೆಟ್ಟಿಗೆ. ಟ್ಯೂನಾ ಡಬ್ಬಿಯ ತಳದಲ್ಲಿ ದಿನಾಂಕ ಅಳಿಸಿ ಮತ್ತೆ ಒತ್ತಿದ ಹಾಗಿದೆ ಎಂದು ಪಂಚನಾಮೆಯಲ್ಲಿ ಬರೆದಿದ್ದಾರೆ. ಅನಾನಸ್‌ನಲ್ಲಿ ಕೆಲವು ಡಬ್ಬಿ ಉಬ್ಬಿವೆ, ಅಂಚಿಗೆ ತುಕ್ಕು ಇದೆ. ಮಾದರಿ ತೆಗೆದುಕೊಂಡು, ಉಳಿದದ್ದಕ್ಕೆ ಮೊಹರು ಹಾಕಿ, ಬಾಂಡ್ ಬರೆಸಿಕೊಂಡು ಅಂಗಡಿಯವರ ವಶಕ್ಕೇ ಬಿಟ್ಟು ಹೋಗಿದ್ದಾರೆ.

ಗೊತ್ತಾಗಬೇಕಾದ್ದು ಇಷ್ಟು. ವಿತರಕ "ಮಾಲು ವಾಪಸ್ ಕಳಿಸಿ, ಬದಲಿಸಿ ಕೊಡುತ್ತೇನೆ" ಅಂತಿದ್ದಾನೆ, ಕಳಿಸಬಹುದೇ? ಗೋದಾಮಿನ ಆ ಮೂಲೆಯಲ್ಲಿ ಮಾಡು ಸೋರುತ್ತದೆ, ಪೆಟ್ಟಿಗೆಗಳನ್ನು ಬೇರೆ ಕಡೆ ಸರಿಸಬಹುದೇ? ವರದಿ ಬರಲು ಎಷ್ಟು ದಿನ? ತಪ್ಪು ಕಂಪನಿಯದ್ದಾದರೆ ಅಂಗಡಿಯವರ ಮೇಲೂ ಕೇಸ್ ಆಗುತ್ತದೆಯೇ?

ಕಡತ_ಕಾರವಾರ ಉತ್ತರ:

ಮೊದಲನೆಯದಕ್ಕೆ ಖಡಾಖಂಡಿತ ಉತ್ತರ: ಒಂದು ಡಬ್ಬಿಯನ್ನೂ ವಾಪಸ್ ಕಳಿಸಬೇಡಿ. ಜಪ್ತಿಯಾದ ಮಾಲನ್ನು ಅಧಿಕಾರಿಯ ಅನುಮತಿ ಇಲ್ಲದೆ ತೆಗೆಯುವುದು, ಸಾಗಿಸುವುದು, ತಿದ್ದುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 60ನೇ ಕಲಮಿನಡಿ ಬೇರೆಯದೇ ಅಪರಾಧ. 6 ತಿಂಗಳವರೆಗೆ ಸೆರೆ, 2 ಲಕ್ಷದವರೆಗೆ ದಂಡ. ಲೇಬಲ್ ದೋಷಕ್ಕೆ ಬರೀ ದಂಡದಲ್ಲಿ ಮುಗಿಯಬಹುದಾದ ಪ್ರಕರಣ, ವಿತರಕನ ಮಾತು ಕೇಳಿ ಪೆಟ್ಟಿಗೆ ಟೆಂಪೋ ಹತ್ತಿಸಿದ ಕೂಡಲೇ ಜೈಲಿನ ಪ್ರಕರಣವಾಗುತ್ತದೆ. ಬಾಂಡ್ ಬರೆದುಕೊಟ್ಟಿದ್ದಾರಲ್ಲ, ಅದು ಮಾಲಿನ ಪೂರ್ತಿ ಬೆಲೆಗೆ ಬರೆಸಿಕೊಳ್ಳುವಂಥದ್ದು, ಜಾಮೀನುದಾರರ ಸಹಿಯೂ ಇರುತ್ತದೆ. ಮಾಲು ಕಾಣೆಯಾದರೆ ಅವರೂ ಸಿಕ್ಕಿಕೊಳ್ಳುತ್ತಾರೆ.

ಸೋರುವ ಮಾಡಿನ ವಿಷಯ ಹಾಗಲ್ಲ. ಅದಕ್ಕೆ ದಾರಿ ಇದೆ, ಆದರೆ ಬಾಯಿಮಾತಿನಲ್ಲಿ ಅಲ್ಲ. ಸೋರುವ ಜಾಗದ ಫೋಟೋ, ಮೊಹರು ಕಾಣುವ ಹಾಗೆ ಪೆಟ್ಟಿಗೆಗಳ ಫೋಟೋ ತೆಗೆದು, "ಇಂಥ ಪಂಚನಾಮೆಯ ಮಾಲು ನೀರಿನಿಂದ ಹಾಳಾಗುವ ಸಂಭವವಿದೆ, ನಿಮ್ಮ ಸಮಕ್ಷಮ ಒಣ ಜಾಗಕ್ಕೆ ಸರಿಸಲು ಅನುಮತಿ ಕೊಡಿ" ಎಂದು ಆಹಾರ ಸುರಕ್ಷತಾಧಿಕಾರಿಗೆ ಅರ್ಜಿ ಕೊಡಿ. ಪ್ರತಿಯನ್ನು ಜಿಲ್ಲೆಯ ಅಂಕಿತಾಧಿಕಾರಿಗೂ (ಆಹಾರ ಸುರಕ್ಷತಾಧಿಕಾರಿಯ ಮೇಲಧಿಕಾರಿ) ಹಾಕಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅನುಮತಿ ಬರುವವರೆಗೆ ಮೇಲಿಂದ ತಾಡಪತ್ರಿ ಕಟ್ಟಬಹುದು, ಪೆಟ್ಟಿಗೆ ಮುಟ್ಟಬಾರದು. ಈ ಅರ್ಜಿಗೆ ಇನ್ನೊಂದು ಉಪಯೋಗವಿದೆ. ನಾಳೆ "ಜಪ್ತಿಯಾದ ಮೇಲೆ ತುಕ್ಕು ಹಿಡಿಯಿತು, ಮೊದಲು ಇರಲಿಲ್ಲ" ಎಂಬ ವಾದ ಎದ್ದರೆ ತಾರೀಖು ಹಾಕಿದ ಫೋಟೋ ನಿಮ್ಮ ಕೈಯಲ್ಲಿರುತ್ತದೆ.

ಈಗ ಪಂಚನಾಮೆ ಮತ್ತು ಮಾದರಿ. 47ನೇ ಕಲಮಿನ ಪ್ರಕಾರ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಯ ಸುಪರ್ದಿಗೆ. ನಾಲ್ಕನೆಯದು ಅಂಗಡಿಯವರು ಬರೆದು ಕೇಳಿದರೆ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಕ್ಕೆ ಹೋಗುತ್ತದೆ, ಖರ್ಚು ಅಂಗಡಿಯವರದ್ದು. ಕೇಳದಿದ್ದರೆ ಅದೂ ಅಂಕಿತಾಧಿಕಾರಿಯ ಕಪಾಟಿಗೇ ಸೇರುತ್ತದೆ. ನಮ್ಮ ಕಡೆ ಹೆಚ್ಚಿನ ವ್ಯಾಪಾರಿಗಳು ಕಳೆದುಕೊಳ್ಳುವುದು ಈ ನಾಲ್ಕನೇ ಭಾಗವನ್ನೇ. ಗಾಬರಿಯಲ್ಲಿ ಸಹಿ ಹಾಕುತ್ತಾರೆ, ಕೇಳುವುದಿಲ್ಲ. ಸರ್ಕಾರಿ ವರದಿ ಮತ್ತು ಖಾಸಗಿ ವರದಿ ಬೇರೆ ಬೇರೆ ಬಂದರೆ ಅಂಕಿತಾಧಿಕಾರಿ ತಮ್ಮ ಬಳಿಯ ಒಂದು ಭಾಗವನ್ನು ರೆಫರಲ್ ಪ್ರಯೋಗಾಲಯಕ್ಕೆ ಕಳಿಸಲೇಬೇಕು, ಅದರ ತೀರ್ಮಾನವೇ ಕೊನೆ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಅಂಥದ್ದೊಂದು ಪ್ರಯೋಗಾಲಯ.

ಅಂಗಡಿಯಲ್ಲಿ ಈಗಲೇ ಕೂತು ನೋಡಬಹುದಾದ ಕಾಗದಗಳು: ಮಾದರಿ ತೆಗೆಯುವಾಗ ಕೊಡುವ ನಮೂನೆ 5ಎ ನೋಟಿಸಿನ ಪ್ರತಿ, ಪಂಚನಾಮೆ, ಬಾಂಡಿನ ಪ್ರತಿ, ಮಾದರಿಗೆ ಕೊಟ್ಟ ಹಣದ ರಸೀದಿ. ಮಾದರಿಗೆ ಮಾರುಕಟ್ಟೆ ಬೆಲೆ ಕೊಡುವುದು ಅಧಿಕಾರಿಯ ಕರ್ತವ್ಯ, "ಬೇಡ ಸರ್, ಇರಲಿ" ಅನ್ನಬೇಡಿ. ಪಂಚನಾಮೆಯಲ್ಲಿ ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಅವಧಿ, ಪೆಟ್ಟಿಗೆಗೆ ಎಷ್ಟು ಡಬ್ಬಿ ಎಲ್ಲ ಬಂದಿದೆಯೇ ನೋಡಿ. "11 ಪೆಟ್ಟಿಗೆ ಮೀನು" ಎಂದಷ್ಟೇ ಇದ್ದರೆ ಆ ಕೊರತೆಯನ್ನು ಇವತ್ತೇ ಬರೆದು ತಿಳಿಸಿ.

ಮಾದರಿ ತೆಗೆಯುವಾಗಲೇ ಪೊಟ್ಟಣದ ಮೊಹರನ್ನು ನೋಡಿರಬೇಕಿತ್ತು, ಮುಂದಿನ ಸಲಕ್ಕಾದರೂ ನೆನಪಿರಲಿ: ಗಟ್ಟಿ ಕಾಗದದಲ್ಲಿ ಸುತ್ತಿ, ಅಂಕಿತಾಧಿಕಾರಿಯ ಸಹಿ ಮತ್ತು ಸಂಕೇತ ಸಂಖ್ಯೆಯ ಚೀಟಿ ಅಂಟಿಸಿ, ದಾರ ಕಟ್ಟಿ, ಅರಗಿನ ಮೊಹರು ಕನಿಷ್ಠ ನಾಲ್ಕು ಕಡೆ ಬೀಳಬೇಕು. ಮೇಲೊಂದು, ಕೆಳಗೊಂದು, ಮೈಮೇಲೆ ಎರಡು. ಅಂಗಡಿಯವರ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಹೊದಿಕೆಯ ಮೇಲೆ ಬರಬೇಕು. ಚೀಟಿ ಕಿತ್ತು ಬೇರೆ ಪೊಟ್ಟಣಕ್ಕೆ ಅಂಟಿಸಿದರೆ ಸಹಿ ಕೂಡುವುದಿಲ್ಲ, ಅದಕ್ಕೇ ಆ ಕ್ರಮ.

ದಿನಗಳ ಲೆಕ್ಕ: ಮಾದರಿ ಕೈಸೇರಿದ 14 ದಿನದೊಳಗೆ ವಿಶ್ಲೇಷಕರು ವರದಿ ಕೊಡಬೇಕು. ಆಗದಿದ್ದರೆ ಕಾರಣ ಮತ್ತು ಬೇಕಾದ ಅವಧಿಯನ್ನು ಅಂಕಿತಾಧಿಕಾರಿಗೂ ಆಹಾರ ಸುರಕ್ಷತಾ ಆಯುಕ್ತರಿಗೂ ತಿಳಿಸಬೇಕು. ಡಬ್ಬಿ ಆಹಾರದಲ್ಲಿ ಈ ತಡ ಸಾಮಾನ್ಯ, ಕಾರಣ ಕೆಳಗೆ ಯಾರಾದರೂ ತಂತ್ರಜ್ಞರು ಹೇಳಿಯಾರು. ವರದಿ ಪ್ರತಿಕೂಲವಾದರೆ ಅದು ಕೈಗೆ ಬಂದ 30 ದಿನದೊಳಗೆ ನಮೂನೆ 8ರಲ್ಲಿ ಅಂಕಿತಾಧಿಕಾರಿಗೆ ಮೇಲ್ಮನವಿ. ಲಕೋಟೆಯ ಮೇಲಿನ ಅಂಚೆ ಮುದ್ರೆ ಎಸೆಯಬೇಡಿ, 30 ದಿನದ ಎಣಿಕೆ ಎಲ್ಲಿಂದ ಶುರು ಎಂಬುದಕ್ಕೆ ಅದೇ ಸಾಕ್ಷಿ.

ಡಬ್ಬಿಮಡಿಕೆ_ಶಿರಸಿ ಉತ್ತರ:

ಕಾಗದದ ಮಾತು ಮೇಲೆ ಚೆನ್ನಾಗಿ ಬಂದಿದೆ. ಡಬ್ಬಿಯ ಒಳಗಿನದ್ದು ಹೇಳುತ್ತೇನೆ, ಯಾಕೆಂದರೆ ಟ್ಯೂನಾ ಮತ್ತು ಅನಾನಸ್ ಎರಡೂ ಒಂದೇ ಜಪ್ತಿಯಲ್ಲಿದ್ದರೂ ಎರಡರ ರೋಗ ಬೇರೆ ಬೇರೆ.

ಅನಾನಸ್ ಹುಳಿ ಹಣ್ಣು, ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ರ ಒಳಗೆ. ಬನವಾಸಿ ಕಡೆಯ ಹಣ್ಣೇ ಇರಲಿ, ಕೇರಳದ್ದೇ ಇರಲಿ, ಆ ಹುಳಿಯಲ್ಲಿ ಬೊಟುಲಿನಂ (ಮಾರಕ ವಿಷ ಬಿಡುವ ಬ್ಯಾಕ್ಟೀರಿಯಾ) ಬೆಳೆಯುವುದಿಲ್ಲ. ಅದಕ್ಕೆ ಗಡಿ 4.6. ಹಾಗಾಗಿ ಅನಾನಸ್ ಡಬ್ಬಿಯನ್ನು ಕುದಿನೀರಿನ ಶಾಖದಲ್ಲೇ ಸಂಸ್ಕರಿಸುತ್ತಾರೆ. ಉಬ್ಬುವುದಕ್ಕೆ ಎರಡು ಕಾರಣ. ಶಾಖ ಸಾಲದೆ ಯೀಸ್ಟ್ ಅಥವಾ ಹುಳಿ ತಾಳುವ ಬ್ಯಾಕ್ಟೀರಿಯಾ ಉಳಿದುಕೊಂಡು ಅನಿಲ ಬಿಟ್ಟಿರಬಹುದು. ಇಲ್ಲವೇ ಹಣ್ಣಿನ ಆಮ್ಲ ತವರದ ಲೇಪ ತಿಂದು, ಕಬ್ಬಿಣದ ತಗಡಿಗೆ ತಲುಪಿ, ಜಲಜನಕ ಹುಟ್ಟಿಸಿರಬಹುದು. ಎರಡನೆಯದು ಹಳೆಯ ಮಾಲಿನಲ್ಲಿ, ಬಿಸಿ ಗೋದಾಮಿನಲ್ಲಿ ಹೆಚ್ಚು. ಜಲಜನಕದ ಉಬ್ಬು ಸೂಕ್ಷ್ಮಾಣುವಿನ ದೃಷ್ಟಿಯಿಂದ ನಿರಪಾಯ ಇರಬಹುದು, ಆದರೆ ಅಷ್ಟು ತವರ ಕರಗಿದೆ ಎಂದರ್ಥ. ಡಬ್ಬಿ ಆಹಾರದಲ್ಲಿ ತವರಕ್ಕೆ ಇರುವ ಮಿತಿ ಕಿಲೋಗೆ 250 ಮಿಲಿಗ್ರಾಂ. ಹೊರಗಿನಿಂದ ನೋಡಿ ಎರಡನ್ನೂ ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ. ಉಬ್ಬಿದ್ದು ಉಬ್ಬಿದ್ದೇ, ಅದರ ಪರವಾಗಿ ವಾದ ಮಾಡಲು ಹೋಗಬೇಡಿ.

ಉಬ್ಬಿನಲ್ಲಿ ಹಂತಗಳಿವೆ, ಉಳಿದ ದಾಸ್ತಾನು ನೋಡುವಾಗ ಗೊತ್ತಿರಬೇಕು. ಸರಿಯಾದ ಡಬ್ಬಿಯ ಎರಡೂ ತಲೆ ಸ್ವಲ್ಪ ಒಳಗೆ ತಗ್ಗಿರುತ್ತವೆ, ಹೆಬ್ಬೆರಳಲ್ಲಿ ಒತ್ತಿದರೆ ಅಲುಗುವುದಿಲ್ಲ. ಚಪ್ಪಟೆಯಾಗಿದ್ದು, ಮೇಜಿಗೆ ಕುಟ್ಟಿದಾಗ ಒಂದು ತಲೆ ಟಪ್ ಎಂದು ಹೊರಬಂದು ಒತ್ತಿದರೆ ಒಳಹೋಗುವುದು ಮೊದಲ ಹಂತ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುವುದು ಎರಡನೆಯದು. ಎರಡೂ ತಲೆ ಉಬ್ಬಿ ಒತ್ತಿದರೆ ಸ್ವಲ್ಪ ಬಗ್ಗುವುದು ಮೂರನೆಯದು. ಬೆರಳಿಗೆ ಜಗ್ಗದಷ್ಟು ಗಟ್ಟಿಯಾದದ್ದು ಕೊನೆಯದು, ಅದು ಒಡೆಯುವ ಹಂತದಲ್ಲಿರುತ್ತದೆ. ನಾಲ್ಕೂ ಮಾರಾಟಕ್ಕಲ್ಲ. ಮೊದಲ ಹಂತದ ಡಬ್ಬಿಯನ್ನು "ಒತ್ತಿದರೆ ಸರಿಯಾಗುತ್ತೆ" ಎಂದು ಒತ್ತಿಟ್ಟು ಮಾರುವುದೇ ನಮ್ಮ ಸಂತೆಗಳಲ್ಲಿ ಆಗುವ ಅತಿ ಕೆಟ್ಟ ಅಭ್ಯಾಸ.

ಟ್ಯೂನಾ ಬೇರೆ ಕತೆ. ಮೀನಿನಲ್ಲಿ ಹುಳಿ ಇಲ್ಲ, ಬೊಟುಲಿನಂ ಬೆಳೆಯಲು ಹೇಳಿ ಮಾಡಿಸಿದ ಜಾಗ. ಒತ್ತಡದ ರಿಟಾರ್ಟಿನಲ್ಲಿ (ದೊಡ್ಡ ಪ್ರೆಶರ್ ಕುಕ್ಕರಿನಂಥದ್ದು) ಡಬ್ಬಿಯ ನಡುಭಾಗಕ್ಕೆ 121.1 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷಕ್ಕೆ ಸಮನಾದ ಶಾಖ ತಲುಪಲೇಬೇಕು. ಈ ಡಬ್ಬಿ ಕೆಟ್ಟರೂ ಕೆಲವೊಮ್ಮೆ ಉಬ್ಬುವುದಿಲ್ಲ, ನಾರುವುದೂ ಇಲ್ಲ. ಇನ್ನೊಂದು, ಹಿಸ್ಟಮಿನ್. ಟ್ಯೂನಾ, ಬಂಗಡೆ, ತಾರ್ಲೆಯಂಥ ಮೀನನ್ನು ಹಿಡಿದ ಮೇಲೆ ಮಂಜುಗಡ್ಡೆ ಇಲ್ಲದೆ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ರಿಟಾರ್ಟಿನ ಶಾಖಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ, ಹಿಸ್ಟಮಿನ್ ಹಾಗೇ ಉಳಿಯುತ್ತದೆ. ಬೈತಖೋಲ್ ಬಂದರಿನಲ್ಲಿ ಬುಟ್ಟಿಗೆ ಮಂಜುಗಡ್ಡೆ ಸುರಿಯುವುದು ಇದಕ್ಕಾಗಿಯೇ. ಒಂಬತ್ತು ಮಾದರಿ ತೆಗೆದರೆ ಎರಡು ಮಾತ್ರ ಕಿಲೋಗೆ 100 ಮತ್ತು 200 ಮಿಲಿಗ್ರಾಂ ನಡುವೆ ಇರಬಹುದು, ಒಂದೂ 200 ದಾಟಬಾರದು. ದಾಟಿದ್ದನ್ನು ತಿಂದರೆ ಕೆಲವೇ ನಿಮಿಷದಿಂದ ಒಂದೆರಡು ತಾಸಿನಲ್ಲಿ ಮುಖ ಕೆಂಪಾಗಿ, ದದ್ದು ಎದ್ದು, ತಲೆ ಸಿಡಿಯುತ್ತದೆ.

ವರದಿ ಯಾಕೆ ತಡ ಅಂತ ಕೇಳಿದ್ದಿರಿ. ಡಬ್ಬಿಯನ್ನು ತೆರೆಯುವ ಮುಂಚೆ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು, 35ರಿಂದ 37 ಡಿಗ್ರಿಯಲ್ಲಿ 10 ದಿನದಷ್ಟು, ಇನ್ನೊಂದಷ್ಟನ್ನು 55 ಡಿಗ್ರಿಯಲ್ಲಿ ಐದರಿಂದ ಏಳು ದಿನ. ಅಷ್ಟರಲ್ಲಿ ಉಬ್ಬಿದರೆ ಅಥವಾ ಸೋರಿದರೆ ಅಲ್ಲಿಗೇ ಫೇಲ್. ಆಮೇಲೆ ತೆರೆದು ಪಿಎಚ್, ದ್ರವ ಬಸಿದ ತೂಕ, ಲೋಹಗಳು. ಅಂಚಿನ ಮಡಿಕೆಯನ್ನು (ಮುಚ್ಚಳವನ್ನೂ ಡಬ್ಬಿಯ ಮೈಯನ್ನೂ ಸೇರಿಸಿ ಮಡಚಿದ ಜಾಗ) ಕತ್ತರಿಸಿ, ಮುಚ್ಚಳದ ಕೊಕ್ಕೆಯೂ ಮೈಯ ಕೊಕ್ಕೆಯೂ ಎಷ್ಟು ಒಂದರ ಮೇಲೊಂದು ಕೂತಿವೆ ಎಂದು ಅಳೆಯುವುದೂ ಉಂಟು. ಅಲ್ಲಿ ಸಡಿಲ ಕಂಡರೆ ತಪ್ಪು ತಯಾರಕನದ್ದು, ಗೋದಾಮಿನದ್ದಲ್ಲ. ನೀವು ನಾಲ್ಕನೇ ಭಾಗವನ್ನು ಖಾಸಗಿ ಪ್ರಯೋಗಾಲಯಕ್ಕೆ ಕಳಿಸುವುದಾದರೆ ಈ ಮಡಿಕೆಯ ಪರೀಕ್ಷೆಯನ್ನು ಹೆಸರು ಹೇಳಿ ಕೇಳಿ. ಕೇಳದಿದ್ದರೆ ಮಾಡುವುದಿಲ್ಲ.

ಕೋಡಿಬಾಗ_ಸಗಟು:

ಇಬ್ಬರಿಗೂ ಧನ್ಯವಾದ. ಎರಡು ಸಂಗತಿ ಸೇರಿಸುತ್ತೇನೆ. ವಿತರಕ ಹುಬ್ಬಳ್ಳಿಯವನು. "ಅರಬೈಲ್ ಘಟ್ಟ ಇಳಿಯುವಾಗ ಹವೆಯ ವ್ಯತ್ಯಾಸಕ್ಕೆ ಡಬ್ಬಿ ಉಬ್ಬುತ್ತದೆ, ಕರಾವಳಿಯ ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ, ನಮ್ಮ ತಪ್ಪಲ್ಲ" ಎಂದು ಬರೆದು ಕಳಿಸಿದ್ದಾನೆ. ಮತ್ತೆ ಅವನ ಬಿಲ್ಲಿನಲ್ಲಿ "ಡಬ್ಬಿ ಆಹಾರ, 17 ಪೆಟ್ಟಿಗೆ" ಅಂತ ಮಾತ್ರ ಇದೆ, ಬ್ಯಾಚ್ ಸಂಖ್ಯೆ ಇಲ್ಲ.

ಡಬ್ಬಿಮಡಿಕೆ_ಶಿರಸಿ ಉತ್ತರ:

ಘಟ್ಟದ ವಾದ ತಲೆಕೆಳಗಾಗಿದೆ. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಆಗ ಡಬ್ಬಿ ಉಬ್ಬಲು ನೋಡುತ್ತದೆ. ಕೆಳಗಿಳಿದರೆ ಹೊರಗಿನ ಒತ್ತಡ ಹೆಚ್ಚಾಗಿ ತಲೆಗಳು ಇನ್ನಷ್ಟು ಒಳಗೆ ಹೋಗಬೇಕು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಇಳಿದ ಡಬ್ಬಿ ಘಟ್ಟದ ಕಾರಣಕ್ಕೆ ಉಬ್ಬಲು ಸಾಧ್ಯವೇ ಇಲ್ಲ. ಕುಮಟಾದಿಂದ ದೇವಿಮನೆ ಹತ್ತಿ ಶಿರಸಿಗೆ ಬಂದ ಮಾಲಿಗೆ ಈ ಮಾತು ಹೇಳಿದ್ದರೂ ಒಪ್ಪುವಂತಿರಲಿಲ್ಲ. ಆರುನೂರು ಮೀಟರ್ ಏರಿದರೆ ಒತ್ತಡದ ವ್ಯತ್ಯಾಸ ಪಾದರಸದ ಲೆಕ್ಕದಲ್ಲಿ 5 ಸೆಂಟಿಮೀಟರ್ ಆಸುಪಾಸು. ಸರಿಯಾಗಿ ಗಾಳಿ ತೆಗೆದು ಮುಚ್ಚಿದ ಡಬ್ಬಿಯ ಒಳಗೆ ಅದರ ಹಲವು ಪಟ್ಟು ನಿರ್ವಾತ ಇರುತ್ತದೆ. ಅಷ್ಟಕ್ಕೇ ಉಬ್ಬಿದರೆ ಡಬ್ಬಿಯನ್ನು ಅತಿಯಾಗಿ ತುಂಬಿದ್ದಾರೆ ಅಥವಾ ಗಾಳಿ ತೆಗೆದಿಲ್ಲ ಎಂದೇ ಅರ್ಥ. ವಿತರಕನ ಪತ್ರವನ್ನು ಜೋಪಾನವಾಗಿಡಿ. ಮಾಲು ತನ್ನದೇ ಎಂದು ಅವನು ಬರೆದುಕೊಟ್ಟಂತಾಯಿತು.

ತುಕ್ಕಿನ ಮಾತಿನಲ್ಲಿ ಮಾತ್ರ ಅವನ ಕಡೆ ಸ್ವಲ್ಪ ನ್ಯಾಯ ಇರಬಹುದು. ಗೋದಾಮಿನಲ್ಲಿ ಒಣಮೀನಿನ ಚೀಲ ಇದೆಯೇ ನೋಡಿ. ಮಳೆಗಾಲಕ್ಕೆ ಮುಂಚೆ ಒಣಮೀನು ದಾಸ್ತಾನು ಮಾಡುವ ಕರಾವಳಿ ಅಂಗಡಿಗಳಲ್ಲಿ ಡಬ್ಬಿಯ ಪೆಟ್ಟಿಗೆ ಅದರ ಪಕ್ಕದಲ್ಲೇ ಇರುತ್ತದೆ. ಜೂನ್ ಬಂದ ಕೂಡಲೇ ಉಪ್ಪು ನೀರೊಡೆಯುತ್ತದೆ, ಆ ಉಪ್ಪುನೀರನ್ನು ರಟ್ಟು ಹೀರುತ್ತದೆ, ರಟ್ಟು ತಾಗಿದ ಕಡೆಯಲ್ಲೇ ಡಬ್ಬಿಯ ಅಂಚು ಕೆಂಪಾಗುತ್ತದೆ. ಗೋಡೆಯ ತೇವದಿಂದ ಬಂದ ತುಕ್ಕು ಒಂದು ಮಗ್ಗುಲಿಗಿರುತ್ತದೆ, ನೆಲದ್ದು ಕೆಳಗಿನ ಸಾಲಿಗಿರುತ್ತದೆ. ಎಲ್ಲ ಡಬ್ಬಿಗೂ ಅಂಚಿನ ಮಡಿಕೆಯ ಸುತ್ತ ಒಂದೇ ಸಮನಾದ ತೆಳು ತುಕ್ಕಿದ್ದರೆ, ಕಾರ್ಖಾನೆಯಲ್ಲಿ ತಣಿಸಿದ ಮೇಲೆ ಒರೆಸದೆ ಪೆಟ್ಟಿಗೆಗೆ ತುಂಬಿದ್ದಾರೆ ಅನ್ನಬಹುದು. ಒಣಬಟ್ಟೆಯಲ್ಲಿ ಒರೆಸಿದರೆ ಹೋಗುವ ತುಕ್ಕು ಮೇಲ್ಮೈಯದ್ದು. ಉಗುರಿಗೆ ಕುಳಿ ಸಿಕ್ಕರೆ ಡಬ್ಬಿ ತೂತಾಗುವ ದಾರಿಯಲ್ಲಿದೆ. ಜಪ್ತಿಯಾದ ಡಬ್ಬಿಯನ್ನು ಒರೆಸಲು ಹೋಗಬೇಡಿ ಮತ್ತೆ, ಇದು ಉಳಿದ ದಾಸ್ತಾನಿಗೆ ಹೇಳಿದ್ದು. ಹಲಗೆಯ ಮೇಲೆ ನೆಲದಿಂದ ಒಂದು ಗೇಣು ಎತ್ತರ, ಗೋಡೆಯಿಂದ ಒಂದು ಅಡಿ ದೂರ, ಒಣಮೀನು ಬೇರೆ ಕೋಣೆಯಲ್ಲಿ.

ಕಡತ_ಕಾರವಾರ ಉತ್ತರ:

ಬಿಲ್ಲಿಗೆ ಬರೋಣ, ಅಂಗಡಿಯವರನ್ನು ಉಳಿಸುವುದೂ ಮುಳುಗಿಸುವುದೂ ಅದೇ. ಕಾಯ್ದೆಯ 26(4) ಪ್ರಕಾರ ವ್ಯಾಪಾರಿಗೆ ಮಾಲು ಕೊಡುವವನು ಗುಣಮಟ್ಟದ ಲಿಖಿತ ಖಾತರಿ ಕೊಡಬೇಕು, ನಮೂನೆ ಇ ಅನ್ನುತ್ತಾರೆ. ಅದು ಇಲ್ಲದಿದ್ದರೂ ಬಿಲ್ಲನ್ನೇ ಖಾತರಿ ಎಂದು ಪರಿಗಣಿಸಬೇಕು ಎಂದು ಅದೇ ಕಲಮಿನಲ್ಲಿದೆ. ಹಾಗಾಗಿ ವಿತರಕನ ಬಿಲ್ಲು ಕೈಯಲ್ಲಿದ್ದರೆ ಅವನು ಖಾತರಿದಾರ. ಆದರೆ ಬ್ಯಾಚ್ ಇಲ್ಲದ ಬಿಲ್ಲಿನಿಂದ "ಈ ಮಾಲು ಅದೇ ಮಾಲು" ಎಂದು ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಇ-ವೇ ಬಿಲ್, ಲಾರಿ ರಸೀದಿ, ಆರ್ಡರ್ ಹಾಕಿದ ವಾಟ್ಸ್‌ಆಪ್ ಸಂದೇಶ, ಬ್ಯಾಂಕ್ ಪಾವತಿ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ. 2022ರ ಜನವರಿ 1ರಿಂದ ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಕಡ್ಡಾಯ. ಅವನ ಬಿಲ್ಲಿನಲ್ಲಿ ಇದೆಯೇ? ಮೊದಲ ಅಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ಬರೀ ನೋಂದಣಿ. ಸಂಖ್ಯೆಯನ್ನು ಆ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿ ನೋಡಿದರೆ ಚಾಲ್ತಿಯಲ್ಲಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಟ್ಯೂನಾ ವಿದೇಶದ್ದಾದರೆ ಆಮದುದಾರನ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇರುವ ಚೀಟಿ ಡಬ್ಬಿಯ ಮೇಲಿರಲೇಬೇಕು. ಇಲ್ಲದ ಮಾಲನ್ನು ಯಾರ ಬಿಲ್ಲೂ ಕಾಪಾಡುವುದಿಲ್ಲ.

ಮಾರಾಟಗಾರ ಯಾವಾಗ ಹೊಣೆ ಎಂದು 27(3) ಎಣಿಸಿ ಹೇಳುತ್ತದೆ: ಅವಧಿ ಮೀರಿದ ಮೇಲೆ ಮಾರಿದರೆ, ಕೊಳಕಾಗಿ ಇಟ್ಟುಕೊಂಡರೆ, ಲೇಬಲ್ ತಪ್ಪಿದ್ದರೆ, ಯಾರಿಂದ ಬಂತು ಎಂದು ತೋರಿಸಲಾಗದಿದ್ದರೆ, ಅಸುರಕ್ಷಿತ ಎಂದು ತಿಳಿದೂ ತೆಗೆದುಕೊಂಡರೆ. ಅನಾನಸಿನದ್ದು ಡಬ್ಬಿಯ ಮಡಿಕೆಯ ದೋಷ ಎಂದು ಸಾಬೀತಾದರೆ ಅಂಗಡಿಯವರು ಹೆಚ್ಚುಕಡಿಮೆ ಪಾರು. ಟ್ಯೂನಾದ್ದು ನನಗೆ ಹೆಚ್ಚು ಚಿಂತೆ. ದಿನಾಂಕ ಯಾರು ತಿದ್ದಿದರು ಎಂಬ ಪ್ರಶ್ನೆಯಲ್ಲಿ ಮೊದಲ ಅನುಮಾನ ಮಾಲು ಇದ್ದ ಜಾಗದ ಮೇಲೆ. ಇಂಕ್‌ಜೆಟ್ ಅಕ್ಷರ ಥಿನ್ನರ್ ಬಟ್ಟೆಗೆ ಹೋಗುತ್ತದೆ, ಆದರೆ ಟಾರ್ಚನ್ನು ಓರೆಯಾಗಿ ಹಿಡಿದರೆ ಹಳೆಯ ಅಕ್ಷರದ ಜಾಗದಲ್ಲಿ ಮೆರುಗು ಬೇರೆ ಕಾಣುತ್ತದೆ. ತಗಡಿಗೆ ಒತ್ತಿದ ಉಬ್ಬಚ್ಚಿನ ಸಂಕೇತ ಇದ್ದರೆ ಅದನ್ನು ಅಳಿಸಲು ಆಗುವುದಿಲ್ಲ. ಹೊರಪೆಟ್ಟಿಗೆಯ ದಿನಾಂಕ, ಡಬ್ಬಿಯ ಮೇಲಿನದ್ದು, ಉಬ್ಬಚ್ಚು ಮೂರೂ ಕೂಡಬೇಕು. ತಯಾರಕನಿಗೋ ಆಮದುದಾರನಿಗೋ ಬ್ಯಾಚ್ ಸಂಖ್ಯೆ ಬರೆದು, ನಿಜವಾದ ತಯಾರಿಕೆಯ ದಿನಾಂಕ, ಯಾವ ವಿತರಕನಿಗೆ ಯಾವಾಗ ಕಳಿಸಿದ್ದು ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಕೇಳಿ. ಆ ಉತ್ತರ ಬಂದರೆ ಅರ್ಧ ಪ್ರಕರಣ ಅಲ್ಲೇ ತಿಳಿಯಾಗುತ್ತದೆ.

ಇನ್ನೊಂದು ತುರ್ತು ಸಂಗತಿ. 26(5) ಪ್ರಕಾರ ಒಂದು ಬ್ಯಾಚಿನ ಒಂದು ಭಾಗ ಅಸುರಕ್ಷಿತ ಎಂದಾದರೆ, ಬೇರೆ ರೀತಿ ಸಾಬೀತಾಗದ ಹೊರತು ಇಡೀ ಬ್ಯಾಚ್ ಅಸುರಕ್ಷಿತ. ಅದೇ ಬ್ಯಾಚ್ ಅಂಕೋಲಾಕ್ಕೋ, ಗೋಕರ್ಣದ ಹೋಟೆಲುಗಳಿಗೋ ಹೋಗಿದ್ದರೆ ಪಟ್ಟಿ ಮಾಡಿ ಇವತ್ತೇ ಫೋನ್ ಮಾಡಿ, ಬರಹದಲ್ಲೂ ಕಳಿಸಿ. ವರದಿಗೆ ಕಾಯಬೇಡಿ. ಕಾನೂನಿಗಾಗಿ ಅಲ್ಲ, ಯಾರದ್ದೋ ತಟ್ಟೆಗೆ ಅದು ಬೀಳುತ್ತದೆ.

ಶಿಕ್ಷೆಯ ಲೆಕ್ಕ: ಕಳಪೆ ಗುಣಮಟ್ಟಕ್ಕೆ 5 ಲಕ್ಷದವರೆಗೆ, ತಪ್ಪು ಲೇಬಲ್‌ಗೆ 3 ಲಕ್ಷದವರೆಗೆ ದಂಡ. ಇವು ಕೋರ್ಟಿಗೆ ಹೋಗುವುದಿಲ್ಲ, ಅಪರ ಜಿಲ್ಲಾಧಿಕಾರಿ ದರ್ಜೆಯ ನ್ಯಾಯನಿರ್ಣಯಾಧಿಕಾರಿಯ ಮುಂದೆ ವಿಚಾರಣೆ, ಮೊದಲ ವಿಚಾರಣೆಯಿಂದ 90 ದಿನದಲ್ಲಿ ಆದೇಶ. ಅಸುರಕ್ಷಿತ ಎಂದಾದರೆ 59ನೇ ಕಲಮು, ಅದು ಕ್ರಿಮಿನಲ್ ನ್ಯಾಯಾಲಯ. ಯಾರಿಗೂ ಹಾನಿಯಾಗದಿದ್ದರೂ 6 ತಿಂಗಳವರೆಗೆ ಸೆರೆ, 1 ಲಕ್ಷದವರೆಗೆ ದಂಡ.

ಗಂಗಾವಳಿ_ದಡ ಉತ್ತರ:

ಮೇಲಿನ ಕೊನೆಯ ಸಾಲು ಹಳೆಯದು. 2023ರ ಜನ ವಿಶ್ವಾಸ ಕಾಯ್ದೆಯಲ್ಲಿ 59ರ ಆ ಭಾಗ ತಿದ್ದುಪಡಿಯಾಗಿದೆ. ಹಾನಿಯಾಗದ ಪ್ರಕರಣದಲ್ಲಿ ಈಗ ಸೆರೆ 3 ತಿಂಗಳವರೆಗೆ, ದಂಡ 3 ಲಕ್ಷದವರೆಗೆ. ಸಾವು ಸಂಭವಿಸಿದರೆ ಕನಿಷ್ಠ 7 ವರ್ಷ ಎಂಬುದು ಬದಲಾಗಿಲ್ಲ. ಪೊಲೀಸ್ ಕೇಸ್ ಬೇರೆ ಆಗುತ್ತದೆಯೇ ಎಂದು ಮುಂದೆ ಯಾರಾದರೂ ಕೇಳುತ್ತಾರೆ: 59ನೇ ಕಲಮು ಅನ್ವಯವಾಗುವಲ್ಲಿ ಆಗಿನ ಭಾರತೀಯ ದಂಡ ಸಂಹಿತೆಯ 272, 273ರ ಕಲಬೆರಕೆ ಪ್ರಕರಣ ಜೊತೆಗೆ ನಡೆಯುವಂತಿಲ್ಲ ಎಂದು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾಲ್ಕು ಭಾಗದ ಮಾತಿಗೂ ಒಂದು ಸೇರ್ಪಡೆ. ಅದು ರಾಸಾಯನಿಕ ಪರೀಕ್ಷೆ, ಲೇಬಲ್ ಪರೀಕ್ಷೆಗೆ ಸರಿ. ಸೂಕ್ಷ್ಮಾಣು ಪರೀಕ್ಷೆಯ ಮಾನದಂಡಗಳಲ್ಲಿ ಮಾದರಿಯ ಕ್ರಮವೇ ಬೇರೆ: ಒಂದೇ ಬ್ಯಾಚಿನ ಐದು ಡಬ್ಬಿಯ ಗುಂಪು, ಅದರಲ್ಲಿ ಒಂದೂ ಫೇಲ್ ಆಗುವಂತಿಲ್ಲ. ಹಣ್ಣು ತರಕಾರಿ ಉತ್ಪನ್ನಕ್ಕೆ ಇಂಥ ಮೂರು ಗುಂಪು ತೆಗೆದು ಮೂರು ಪ್ರಯೋಗಾಲಯಕ್ಕೆ ಕಳಿಸಬೇಕು, ಮೂರರಲ್ಲೂ ಪಾಸಾಗಬೇಕು. ಮರುಪರೀಕ್ಷೆಗೆ ಅವಕಾಶ ಇಲ್ಲ. ಹಾಗಾಗಿ 30 ದಿನದ ಮೇಲ್ಮನವಿಯ ಮೇಲೆ ಎಲ್ಲ ಭಾರ ಹಾಕಬೇಡಿ. ಮಾದರಿಯ ಜೊತೆ ವಿಶ್ಲೇಷಕರಿಗೆ ಹೋಗುವ ನಮೂನೆ 6ರ ಪ್ರತಿ ಕೇಳಿ ಪಡೆದು, ಯಾವ ಪರೀಕ್ಷೆಗೆ ಎಷ್ಟು ಡಬ್ಬಿ ಕಳಿಸಿದ್ದಾರೆ ನೋಡಿ. ಉಬ್ಬಿದ ಡಬ್ಬಿಯನ್ನೇ ಆರಿಸಿ ಮಾದರಿ ಮಾಡಿದ್ದರೆ ಅದು ತಪ್ಪಲ್ಲ, ಆದರೆ ಪಂಚನಾಮೆಯಲ್ಲಿ ಹಾಗೆಂದು ಬರೆದಿರಬೇಕು.

ಓಂಬೀಚ್_ಅಡುಗೆಮನೆ:

ಕೊಳ್ಳುವವರ ಕಡೆಯಿಂದ ಒಂದು ಪ್ರಶ್ನೆ. ನಮ್ಮಲ್ಲಿ ಟ್ಯೂನಾ, ಅಣಬೆ, ಬೇಬಿಕಾರ್ನ್ ಡಬ್ಬಿ ದಿನವೂ ಒಡೆಯುತ್ತವೆ. ಟ್ಯೂನಾದಲ್ಲಿ ಗಾಜಿನ ಚೂರಿನಂಥದ್ದು ಸಿಕ್ಕರೆ ಕೂಡಲೇ ದೂರು ಕೊಡಬೇಕೇ? ಗ್ರಾಹಕರೇ ಪರೀಕ್ಷೆಗೆ ಕಳಿಸಬಹುದು ಅಂತಾರೆ, ಹೇಗೆ?

ಡಬ್ಬಿಮಡಿಕೆ_ಶಿರಸಿ ಉತ್ತರ:

ಚೂರನ್ನು ಬಿಸಿ ವಿನೆಗರ್‌ನಲ್ಲಿ ಕೆಲವು ನಿಮಿಷ ಹಾಕಿ ನೋಡಿ. ಕರಗಿದರೆ ಸ್ಟ್ರುವೈಟ್, ಮೀನಿನ ಮೆಗ್ನೀಸಿಯಂ ಮತ್ತು ರಂಜಕ ಸೇರಿ ಹುಟ್ಟುವ ಹರಳು, ನಿರಪಾಯ. ಉಗುರಲ್ಲಿ ಒತ್ತಿದರೂ ಪುಡಿಯಾಗುತ್ತದೆ. ಕರಗದಿದ್ದರೆ ಗಾಜು, ಆಗ ಡಬ್ಬಿಯ ತಳ, ಲೇಬಲ್, ಚೂರು ಮೂರನ್ನೂ ತೆಗೆದಿಟ್ಟು ದೂರು ಕೊಡಿ. ಅಣಬೆ ಮತ್ತು ಬೇಬಿಕಾರ್ನ್ ಹುಳಿ ಕಡಿಮೆಯ ಸಾಮಾನು, ಮೀನಿನಷ್ಟೇ ಎಚ್ಚರ ಬೇಕು. ಅಂಚಿನ ಮಡಿಕೆಯ ಮೇಲೆ ನೆಗ್ಗಿದ ಡಬ್ಬಿ ಅಡುಗೆಮನೆಗೆ ಬೇಡ, ಮೈಮೇಲೆ ನಯವಾಗಿ ನೆಗ್ಗಿದ್ದರೆ ಬಳಸಬಹುದು. ತೆರೆದಾಗ ಒಳಗಿನದ್ದು ಚಿಮ್ಮಿದರೆ ರುಚಿ ನೋಡಲೇಬೇಡಿ, ಬೊಟುಲಿನಂ ವಿಷ ರುಚಿ ನೋಡುವಷ್ಟರಲ್ಲೇ ಸಾಕು. ತಿಂದ 12ರಿಂದ 36 ತಾಸಿನಲ್ಲಿ ಕಣ್ಣಿಗೆ ಎರಡೆರಡು ಕಾಣುವುದು, ರೆಪ್ಪೆ ಜೋಲುವುದು, ನುಂಗಲಾಗದಿರುವುದು ಶುರುವಾದರೆ ತಡಮಾಡದೆ ದೊಡ್ಡ ಆಸ್ಪತ್ರೆ. ಉಳಿದ ಅನಾನಸನ್ನು ಡಬ್ಬಿಯಲ್ಲೇ ಫ್ರಿಜ್‌ಗೆ ಇಡಬೇಡಿ, ಗಾಳಿ ತಾಗಿದ ಮೇಲೆ ತವರ ಬೇಗ ಕರಗುತ್ತದೆ. ಸ್ಟೀಲಿಗೋ ಗಾಜಿಗೋ ಬಗ್ಗಿಸಿ.

ಕಡತ_ಕಾರವಾರ ಉತ್ತರ:

ಗಂಗಾವಳಿ_ದಡ ಅವರ ತಿದ್ದುಪಡಿ ಸರಿ, ಓದುವವರು ಅದನ್ನೇ ಹಿಡಿಯಿರಿ. ಕೊಳ್ಳುವವರ ಪರೀಕ್ಷೆಗೆ 40ನೇ ಕಲಮು ಇದೆ, ಶುಲ್ಕ ಕಟ್ಟಬೇಕು, 14 ದಿನದಲ್ಲಿ ವರದಿ, ಮಾಲು ಕೆಟ್ಟದ್ದೆಂದು ಬಂದರೆ ಶುಲ್ಕ ವಾಪಸ್. ತೊಡಕು ಒಂದೇ: ಪರೀಕ್ಷೆಗೆ ಕಳಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಿರಬೇಕು. ಒಡೆದ ಡಬ್ಬಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಅದೇ ಬ್ಯಾಚಿನ ಮುಚ್ಚಿದ ಡಬ್ಬಿ ಎಲ್ಲಿದೆ ಎಂದು ಆಹಾರ ಸುರಕ್ಷತಾಧಿಕಾರಿಗೆ ತೋರಿಸಿ ಅವರಿಂದ ಮಾದರಿ ತೆಗೆಸುವುದೇ ಗಟ್ಟಿ ದಾರಿ. ಹಾನಿಯಾಗಿದ್ದರೆ ಪರಿಹಾರಕ್ಕೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಕೋಡಿಬಾಗ_ಸಗಟು:

ಅನಾನಸ್ ಕೈಬಿಟ್ಟಂತೆಯೇ ಅಂದುಕೊಳ್ಳುತ್ತೇವೆ. ನಾಶ ಮಾಡುವುದು ಹೇಗೆ, ಖರ್ಚು ಯಾರದು? ಗೋದಾಮಿನ ಮಾಲಿಗೆ ಕಟ್ಟಿದ ಜಿಎಸ್‌ಟಿ?

ಗಂಗಾವಳಿ_ದಡ ಉತ್ತರ:

ಅಧಿಕಾರಿಯ ಲಿಖಿತ ಆದೇಶ ಅಥವಾ ಸಮ್ಮತಿ ಇಲ್ಲದೆ ನಾಶವೂ ಇಲ್ಲ. ಕೆಟ್ಟುಹೋದದ್ದನ್ನು ನೋಟಿಸ್ ಕೊಟ್ಟು ನಾಶ ಮಾಡಿಸುವ ಅಧಿಕಾರ 38(3)ರಲ್ಲಿದೆ, ಬೇಗ ಕೆಡುವ ಮಾಲಿಗೆ ಮಾತ್ರ. ಡಬ್ಬಿಗೆ ಅದು ಸುಲಭವಾಗಿ ಅನ್ವಯಿಸದು, ಹಾಗಾಗಿ "ವರದಿಯ ಮೇಲೆ ಆಕ್ಷೇಪವಿಲ್ಲ, ನಮ್ಮ ಖರ್ಚಿನಲ್ಲಿ ನಾಶಕ್ಕೆ ಒಪ್ಪಿಗೆ" ಎಂದು ವರದಿ ಬಂದ ಮೇಲೆ ಬರೆದುಕೊಡಿ. ವಿತರಕನ ಮೇಲಿನ ಹಕ್ಕು ಉಳಿಸಿಕೊಂಡಿದ್ದೇವೆ ಎಂಬ ಒಂದು ಸಾಲು ಸೇರಿಸುವುದನ್ನು ಮರೆಯಬೇಡಿ.

ನಗರಸಭೆಯ ಕಸ ವಿಲೇವಾರಿ ಜಾಗದಲ್ಲಿ ಗುಂಡಿ ತೋಡಿಸುವುದು ವಾಡಿಕೆ. ಕರಾವಳಿಯಲ್ಲಿ ನೀರಿನ ಮಟ್ಟ ಮೇಲೇ ಇರುತ್ತದೆ, ಮಳೆಗಾಲದಲ್ಲಿ ನಾಲ್ಕಡಿಗೇ ನೀರು ಬಂದರೆ ಆ ಜಾಗ ಬಿಡಿ. ಕಾಳಿ ನದಿಗೋ ಸಮುದ್ರಕ್ಕೋ ಸುರಿಯುವ ಯೋಚನೆ ಬೇಡವೇ ಬೇಡ. ಡಬ್ಬಿಯನ್ನು ಹಾಗೇ ಹೂತರೆ ರಾತ್ರಿಯೇ ಯಾರೋ ಅಗೆದು ಒರೆಸಿ ಸಂತೆಗೆ ತರುತ್ತಾರೆ, ಆದ್ದರಿಂದ ಗುಂಡಿಯೊಳಗೇ ಜೆಸಿಬಿ ಬಕೆಟ್ಟಿನಲ್ಲಿ ಜಜ್ಜಿಸಬೇಕು. ಗಟ್ಟಿಯಾಗಿ ಉಬ್ಬಿದ ಡಬ್ಬಿಗೆ ಕೈಯಲ್ಲಿ ಮೊಳೆ ಹೊಡೆಯಬೇಡಿ, ಒಳಗಿನದ್ದು ಮುಖಕ್ಕೆ ಚಿಮ್ಮುತ್ತದೆ. ಜನ ದೂರ ನಿಲ್ಲಲಿ. ಮೇಲೆ ಬ್ಲೀಚಿಂಗ್ ಪುಡಿ, ಮಣ್ಣು. ಗುಂಡಿಗೆ ಹಾಕುವ ಮುಂಚೆ ಡಬ್ಬಿ ಎಣಿಸಿ, ಜಪ್ತಿಯ ಲೆಕ್ಕದಿಂದ ಮಾದರಿ ಕಳೆದ ಸಂಖ್ಯೆಗೆ ತಾಳೆ ನೋಡಿ, ವಿಡಿಯೊ ಮಾಡಿ, ನಾಶದ ಪಂಚನಾಮೆಗೆ ಅಧಿಕಾರಿಯ ಸಹಿ ತೆಗೆದುಕೊಳ್ಳಿ. ಬಾಂಡ್ ಬಿಡುಗಡೆಯಾಗುವುದು ಈ ಕಾಗದದ ಮೇಲೆ.

ಜಿಎಸ್‌ಟಿ: ನಾಶವಾದ ಮಾಲಿಗೆ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ವಾಪಸ್ ತುಂಬಬೇಕು. ಆ ಮೊತ್ತವನ್ನೂ ಸೇರಿಸಿ ವಿತರಕನಿಗೆ ನೋಟಿಸ್ ಕಳಿಸಿ, ಮಾಲಿನ ಬೆಲೆ ಮಾತ್ರ ಕೇಳಿದರೆ ಉಳಿದದ್ದು ಕೈಯಿಂದ ಹೋಗುತ್ತದೆ. ಟ್ಯೂನಾದ 11 ಪೆಟ್ಟಿಗೆ ಮಾತ್ರ ತಯಾರಕನ ಉತ್ತರ ಬಂದು, ದಿನಾಂಕದ ವಿಷಯ ತೀರ್ಮಾನವಾಗುವವರೆಗೆ ಇದ್ದಲ್ಲೇ ಇರಲಿ. ಅದು ಸಾಕ್ಷ್ಯ.